ಮೇನ್ ಸ್ವಿಚ್ ಯಾರ ಕೈಯಲ್ಲಿ? ಕಲಬುರಗಿಯ ಮನೆಗಳಿಗೆ ಕರೆಂಟು ಬಂದ ಕತೆ

1905ರ ಆಗಸ್ಟ್ 5ರಂದು ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಪ್ರದೇಶದಲ್ಲಿ ವಿದ್ಯುತ್ ಬೀದಿದೀಪ ಹೊತ್ತಿತು. 2023ರ ಆಗಸ್ಟ್ 5ರಂದು ಕಲಬುರಗಿಯ ಎನ್.ವಿ. ಮೈದಾನದಲ್ಲಿ ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿತು. ತಿಂಗಳಿಗೆ 200 ಯೂನಿಟ್‌ವರೆಗೆ ಮನೆಬಳಕೆಯ ಕರೆಂಟು ಉಚಿತವಾಯಿತು. ತಾರೀಖು ಒಂದೇ, ನಡುವೆ 118 ವರ್ಷ.

ಈ 118 ವರ್ಷಗಳ ಕತೆಯನ್ನು ಅಣೆಕಟ್ಟು, ಪವರ್ ಹೌಸ್, ಕಂಬ, ತಂತಿಗಳ ಮೂಲಕ ಹೇಳುವುದು ರೂಢಿ. ಎಷ್ಟು ಹಳ್ಳಿಗೆ ಬಂತು, ಎಷ್ಟು ಮನೆಗೆ ಬಂತು ಎಂದು ಲೆಕ್ಕ ಹಾಕುತ್ತೇವೆ. ಬಂದ ಕರೆಂಟನ್ನು ಬೇಡವಾದಾಗ ನಿಲ್ಲಿಸುವ ವ್ಯವಸ್ಥೆ ಮನೆಯಲ್ಲಿ ಇತ್ತೇ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ನಾವು ಇಲ್ಲಿ ಮೀಟರಿನ ಪಕ್ಕದ ಆ ಡಬ್ಬಿಯಿಂದ, ಅಂದರೆ ಮೇನ್ ಸ್ವಿಚ್‌ನಿಂದ ಶುರು ಮಾಡುತ್ತೇವೆ. ಎಲೆಕ್ಟ್ರಿಕ್ ಅಂಗಡಿಯವರು ಈಗ ಅದನ್ನು ಐಸೋಲೇಟರ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದು ಇಂದಿಗೂ 'ಮೇನ್'. "ಮೊದ್ಲ ಮೇನ್ ಬಂದ್ ಮಾಡ್ರಿ" ಅನ್ನುವ ಮಾತು ಗೊತ್ತಿಲ್ಲದ ಮನೆ ಇಲ್ಲ. ಬಂದ್ ಮಾಡಲು ಮೇನ್ ಇಲ್ಲದ ಮನೆಗಳು ಮಾತ್ರ ಇವೆ.

ಗಡಿ ಎಲ್ಲಿದೆ?

ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರ್, ಅದರ ಕಟ್‌ಔಟ್, ಮೀಟರು, ಮೀಟರಿನ ಸೀಲು, ಇಷ್ಟೂ ವಿದ್ಯುತ್ ಕಂಪನಿಯ ಹತೋಟಿಯವು. ಸೀಲು ಮುಟ್ಟಿದರೆ ಕೇಸು. ಮೀಟರಿನಿಂದ ಈಚೆಗೆ ಗೋಡೆಯೊಳಗಿನ ವಯರ್, ಬೋರ್ಡು, ಬಟನ್ನು ಎಲ್ಲವೂ ಮನೆಯವರ ಜವಾಬ್ದಾರಿ. ಮೇನ್ ಸ್ವಿಚ್ ನಿಂತಿರುವುದು ಈ ಎರಡರ ನಡುವಿನ ಗಡಿಯಲ್ಲಿ. ಯಾರನ್ನೂ ಕೇಳದೆ, ಯಾರಿಗೂ ಫೋನು ಮಾಡದೆ, ಇಡೀ ಮನೆಯ ಕರೆಂಟನ್ನು ಒಂದೇ ಕೈಯಲ್ಲಿ ಕಡಿಯುವ ಅಧಿಕಾರ ಮನೆಯವರಿಗೆ ಸಿಗುವುದು ಅಲ್ಲಿಂದ.

ಫ್ಯೂಜು, ಎಂಸಿಬಿ, ಮೇನ್ ಸ್ವಿಚ್ ಮೂರೂ ಒಂದೇ ಎಂದು ತಿಳಿಯುವವರಿದ್ದಾರೆ. ಅವುಗಳ ಕೆಲಸ ಬೇರೆ ಬೇರೆ. ಫ್ಯೂಜು ಮತ್ತು ಎಂಸಿಬಿ ಲೋಡು ಹೆಚ್ಚಾದಾಗ ಅಥವಾ ಶಾರ್ಟ್ ಆದಾಗ ತಾವಾಗಿಯೇ ಕರೆಂಟು ಕಡಿಯುತ್ತವೆ. ಐಸೋಲೇಟರ್ ತಾನಾಗಿ ಏನೂ ಮಾಡುವುದಿಲ್ಲ, ಮನುಷ್ಯ ಬಂದ್ ಮಾಡಿದರೆ ಬಂದ್ ಆಗುತ್ತದೆ. ಆದರೆ ಬಂದ್ ಮಾಡಿದಾಗ ಫೇಸ್ ಮತ್ತು ನ್ಯೂಟ್ರಲ್ ಎರಡೂ ತಂತಿಗಳನ್ನು ಒಟ್ಟಿಗೆ ಕಡಿದು, ಒಳಗಿನ ವಯರಿಂಗನ್ನು ಕಂಬದಿಂದ ಪೂರ್ತಿ ಬೇರ್ಪಡಿಸುತ್ತದೆ. ಈ 'ಎರಡೂ' ಎಂಬ ಮಾತಿಗೆ ಒಂದು ಇತಿಹಾಸವೇ ಇದೆ.

ಕಿಡಿಯನ್ನು ಕಟ್ಟಿಹಾಕಿದ ಸ್ಪ್ರಿಂಗು

ಮೊದಲ ಕಾಲದ ಸ್ವಿಚ್ಚುಗಳು ತೆರೆದ ತಾಮ್ರದ ಪಟ್ಟಿಗಳು. ಚಾಕುವನ್ನು ಒರೆಯಿಂದ ಎಳೆದ ಹಾಗೆ ಕೈಯಿಂದ ಎಳೆಯಬೇಕಿತ್ತು. ನಿಧಾನಕ್ಕೆ ಎಳೆದರೆ ಎರಡು ತುದಿಗಳ ನಡುವೆ ಕಿಡಿ ಹೊತ್ತಿ, ಪಟ್ಟಿಯನ್ನೂ ಕೆಲವೊಮ್ಮೆ ಎಳೆದವನ ಕೈಯನ್ನೂ ಸುಡುತ್ತಿತ್ತು. 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಇದಕ್ಕೆ ಉಪಾಯ ಕಂಡುಕೊಂಡ. ಸ್ವಿಚ್ಚಿನೊಳಗೆ ಸ್ಪ್ರಿಂಗು ಇಟ್ಟ. ಕೈ ಎಷ್ಟೇ ನಿಧಾನಕ್ಕೆ ಆಡಲಿ, ತಾಮ್ರದ ತುದಿಗಳು ಬೇರೆಯಾಗುವುದು ಸ್ಪ್ರಿಂಗಿನ ವೇಗದಲ್ಲಿ. ಇಂದು ನಾವು ಬಟನ್ ಒತ್ತಿದಾಗ ಕೇಳುವ 'ಟಕ್' ಸದ್ದಿನ ಮೂಲ ಅದು. ನಮ್ಮ ಊರಿನಲ್ಲಿ ಮೆಹಬೂಬ್ ಶಾಹಿ ಗಿರಣಿ, ಅಂದರೆ ಎಂಎಸ್‌ಕೆ ಮಿಲ್ಲು, ತಲೆಯೆತ್ತಿದ್ದೂ ಅದೇ 1880ರ ದಶಕದಲ್ಲಿ.

ಆಮೇಲೆ ಈ ಸ್ಪ್ರಿಂಗಿನ ಸ್ವಿಚ್ಚು ಕಬ್ಬಿಣದ ಡಬ್ಬಿಯೊಳಗೆ ಸೇರಿತು. ಅದೇ ಐರನ್ ಕ್ಲಾಡ್ ಸ್ವಿಚ್. ಹಳೆಯ ಮನೆಗಳಲ್ಲಿ ಇನ್ನೂ ಇದೆ: ಬೂದು ಬಣ್ಣದ ಭಾರದ ಡಬ್ಬಿ, ಬಲಗಡೆ ಹಿಡಿಕೆ, ಒಳಗೆ ಬಿಳಿ ಪಿಂಗಾಣಿಯ ಫ್ಯೂಜು. ಹಿಡಿಕೆ ಮೇಲಿದ್ದಾಗ ಮುಚ್ಚಳ ತೆರೆಯಬಾರದು, ಕೆಳಗೆ ಇಳಿಸಿದರೆ ಮಾತ್ರ ತೆರೆಯಬೇಕು ಎಂಬ ಕೊಂಡಿ ಅದರಲ್ಲಿರುತ್ತದೆ. ಫ್ಯೂಜಿಗೆ ಕೈ ಹಾಕುವ ಮುನ್ನ ಕರೆಂಟು ಬಂದ್ ಆಗಿರಲೇಬೇಕು ಎಂಬ ಪಾಠವನ್ನು ಓದುಬರಹ ಬಾರದವರಿಗೂ ಕಲಿಸುವ ಕಬ್ಬಿಣ ಅದು.

ನಿಜಾಮರ 'ಬಿಜಲಿ'

ಮೈಸೂರಿನವರ ವಿದ್ಯುತ್ ಕತೆ ನಮ್ಮದಲ್ಲ. 1902ರಲ್ಲಿ ಶಿವನಸಮುದ್ರದಿಂದ 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ತಂತಿ ಎಳೆದಾಗ ಕಲಬುರಗಿ ಹೈದರಾಬಾದ್ ಸಂಸ್ಥಾನದ ಒಂದು ಸುಭಾದ ಕೇಂದ್ರ. ಆ ಸಂಸ್ಥಾನದ ದೊಡ್ಡ ವಿದ್ಯುತ್ ಕೇಂದ್ರ ಹುಟ್ಟಿದ್ದು 1920ರಲ್ಲಿ, ಹೈದರಾಬಾದಿನ ಹುಸೇನ್ ಸಾಗರದ ದಂಡೆಯ ಮೇಲೆ. ನಮ್ಮ ಪಕ್ಕದ ಶಹಾಬಾದಿನಲ್ಲಿ ಸಿಮೆಂಟು ಕಾರ್ಖಾನೆ ಎದ್ದಿತು, 1936ರಲ್ಲಿ ಎಸಿಸಿಯೊಳಗೆ ಸೇರಿತು. ಗಿರಣಿ, ಕಾರ್ಖಾನೆ, ರೈಲು ನಿಲ್ದಾಣ, ಸರ್ಕಾರಿ ಬಂಗಲೆ, ದೊಡ್ಡ ವ್ಯಾಪಾರಿಗಳ ಮನೆ, ಇವು ಕರೆಂಟಿನ ಮೊದಲ ವಿಳಾಸಗಳು. ಉಳಿದವರಿಗೆ ಚಿಮಣಿ, ಕಂದೀಲು.

ಆ ಕಾಲದ ವಯರಿಂಗ್ ನೋಡಲು ಚೆಂದ. ಗೋಡೆಯ ಮೇಲೆ ಸಾಗವಾನಿ ಪಟ್ಟಿ, ಅದರ ಕಾಲುವೆಯಲ್ಲಿ ಬಟ್ಟೆ ಮತ್ತು ರಬ್ಬರು ಸುತ್ತಿದ ತಂತಿ, ಮೇಲೆ ಮರದ ಮುಚ್ಚಳ. ಆದರೆ ಅದರಲ್ಲಿ ಒಂದು ಅಪಾಯ ಅಡಗಿತ್ತು. ಆಗಿನ ಪದ್ಧತಿಯಲ್ಲಿ ಎರಡೂ ತಂತಿಗಳಿಗೆ ಒಂದೊಂದು ಫ್ಯೂಜು ಹಾಕುತ್ತಿದ್ದರು. ಎರಡು ಫ್ಯೂಜು ಇದ್ದರೆ ಎರಡರಷ್ಟು ರಕ್ಷಣೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ನ್ಯೂಟ್ರಲ್‌ನ ಫ್ಯೂಜು ಮಾತ್ರ ಸುಟ್ಟರೆ ಏನಾಗುತ್ತದೆ? ಬಲ್ಬು ಆರುತ್ತದೆ. ಕರೆಂಟು ಹೋಗಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಫೇಸ್ ತಂತಿಯಲ್ಲಿ ಮಾತ್ರ ಪೂರ್ತಿ ವೋಲ್ಟೇಜು ಹಾಗೆಯೇ ಇರುತ್ತದೆ. ಹೋಲ್ಡರಿಗೆ ಕೈ ಹಾಕಿದವನ ಮೈಯೇ ಆಗ ನ್ಯೂಟ್ರಲ್.

1956: ಒಂದು ವರ್ಷ, ಎರಡು ಬದಲಾವಣೆ

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಭಾರತೀಯ ವಿದ್ಯುತ್ ನಿಯಮಗಳು, 1956 ಜಾರಿಗೆ ಬಂದವು. ಭಾಷಾವಾರು ಪ್ರಾಂತದ ಸಂಭ್ರಮದಲ್ಲಿ ಈ ನಿಯಮಗಳನ್ನು ನೆನೆಯುವವರಿಲ್ಲ. ಆದರೆ ಮೇನ್ ಸ್ವಿಚ್ ಮನೆಯ ಹಕ್ಕಾಗಿ ಬರೆಯಲ್ಪಟ್ಟದ್ದು ಅಲ್ಲಿ.

ನಿಯಮ 50ರ ತಿರುಳು ಇಷ್ಟು: ಸಪ್ಲೈ ಶುರುವಾಗುವ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ, ಸುಲಭವಾಗಿ ಕೈಗೆ ಸಿಗುವಂತೆ, ಇಡೀ ಮನೆಯ ವಯರಿಂಗನ್ನು ಪೂರ್ತಿ ಬೇರ್ಪಡಿಸಬಲ್ಲ ಸ್ವಿಚ್ಚು ಇರಬೇಕು. ನಿಯಮ 32 ಇನ್ನೊಂದು ಗಂಟು ಬಿಡಿಸಿತು. ನ್ಯೂಟ್ರಲ್ ತಂತಿಗೆ ಪ್ರತ್ಯೇಕ ಫ್ಯೂಜು ಕೂಡದು, ಪ್ರತ್ಯೇಕ ಸ್ವಿಚ್ಚೂ ಕೂಡದು. ಕಡಿಯುವುದಾದರೆ ಫೇಸ್ ಜೊತೆಗೇ, ಒಂದೇ ಹಿಡಿಕೆಗೆ ಜೋಡಿಸಿದ ಸ್ವಿಚ್ಚಿನಿಂದಲೇ ಕಡಿಯಬೇಕು. ಡಬಲ್ ಪೋಲ್ ಮೇನ್ ಸ್ವಿಚ್ಚಿನ ಅರ್ಥ ಇದು. ಹಳೆಯ ಡಬ್ಬಿ ತೆರೆದರೆ ಒಂದು ಕಡೆ ಫ್ಯೂಜು, ಇನ್ನೊಂದು ಕಡೆ ಬರಿ ತಾಮ್ರದ ಪಟ್ಟಿ ಕಾಣುವುದು ಈ ಕಾರಣಕ್ಕೆ. ಆ ಪಟ್ಟಿಯ ಜಾಗದಲ್ಲಿ ಯಾರೂ ಫ್ಯೂಜು ಕೂಡಿಸಬಾರದು.

1957ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿತು. ರಾಜ್ಯದ ಹೆಸರು ಬದಲಾದ ಮೇಲೆ ಅದು ಕೆಇಬಿ. 1999ರ ಆಗಸ್ಟ್ 1ರಂದು ಕೆಪಿಟಿಸಿಎಲ್, 2002ರ ಜೂನ್ 1ರಿಂದ ನಮ್ಮ ಭಾಗಕ್ಕೆ ಜೆಸ್ಕಾಂ, ಕೇಂದ್ರ ಕಚೇರಿ ಕಲಬುರಗಿಯಲ್ಲೇ. ಬೋರ್ಡು ಹೋಗಿ ಇಷ್ಟು ವರ್ಷವಾದರೂ ಕಮಲಾಪುರದ ಹಳ್ಳಿಗಳಲ್ಲಿ ಲೈನ್‌ಮ್ಯಾನ್ ಇನ್ನೂ "ಕೆಇಬಿಯವ್ರು".

ಹೊಲಕ್ಕೆ ಮೊದಲು, ಮನೆಗೆ ಆಮೇಲೆ

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರ ಸಿಗುತ್ತದೆ. 2018ರಿಂದ ಅದೂ ತಾಲೂಕು ಕೇಂದ್ರ. ಜಿಐ ಟ್ಯಾಗ್ ಪಡೆದ ಕೆಂಪು ಬಾಳೆ ಇಲ್ಲಿಯದು. ಬಾಳೆಗೆ ನೀರು ತಪ್ಪಿಸುವಂತಿಲ್ಲ. ಎತ್ತು ಹೂಡಿ ಬಾವಿಯಿಂದ ನೀರೆತ್ತುತ್ತಿದ್ದ ಕಡೆಗಳಿಗೆ ಕರೆಂಟಿನ ಪಂಪ್‌ಸೆಟ್ಟು ಬಂದದ್ದು ದೊಡ್ಡ ತಿರುವು. 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪಿಸಿದಾಗ ಪಂಪ್‌ಸೆಟ್ಟುಗಳಿಗೆ ಲೈನು ಎಳೆಯುವುದೇ ಅದರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು.

ಆಗಿನ ಸರ್ಕಾರಿ ವ್ಯಾಖ್ಯೆ ಗಮನಿಸಬೇಕು. 1997ರವರೆಗೆ, ಗ್ರಾಮದ ಕಂದಾಯ ಗಡಿಯೊಳಗೆ ಯಾವುದೇ ಉದ್ದೇಶಕ್ಕೆ ಕರೆಂಟು ಬಳಕೆಯಾದರೂ ಆ ಊರು 'ವಿದ್ಯುದೀಕೃತ ಗ್ರಾಮ'. ಊರ ಹೊರಗಿನ ಹೊಲದಲ್ಲಿ ಒಂದು ಮೋಟರು ತಿರುಗಿದರೂ ಲೆಕ್ಕಕ್ಕೆ ಸಾಕು. 1997ರಲ್ಲಿ ಜನವಸತಿಯೊಳಗೆ ಬಳಕೆಯಾಗಬೇಕು ಎಂದು ತಿದ್ದಿದರು. 2004ರಲ್ಲಿ ಶಾಲೆ, ಪಂಚಾಯಿತಿಯಂಥ ಸಾರ್ವಜನಿಕ ಜಾಗಗಳಿಗೂ, ಕನಿಷ್ಠ ಶೇ 10ರಷ್ಟು ಮನೆಗಳಿಗೂ ಬಂದಿರಬೇಕು ಎಂದಾಯಿತು. ಹತ್ತರಲ್ಲಿ ಒಂದು ಮನೆ!

ಇದರಿಂದ ಒಂದು ವಿಚಿತ್ರ ಕಾಣುತ್ತದೆ. ಮೋಟರಿನ ಶೆಡ್ಡಿಗೆ ಮೂರು ಫೇಸಿನ ಕಬ್ಬಿಣದ ಮೇನ್ ಸ್ವಿಚ್, ಮೂರು ಪಿಂಗಾಣಿ ಫ್ಯೂಜು, ಹಸಿರು-ಕೆಂಪು ಬಟನಿನ ಸ್ಟಾರ್ಟರು ಬಂದವು. ಮೋಟರು ಸುಟ್ಟರೆ ನಷ್ಟ ಎಂಬ ಲೆಕ್ಕ ರೈತನಿಗೂ ಗೊತ್ತು, ಬ್ಯಾಂಕಿಗೂ ಗೊತ್ತು. ಅದೇ ರೈತನ ಮನೆಗೆ ಆಮೇಲೆ ಬಂದ ಕರೆಂಟಿಗೆ ಅಷ್ಟು ದೊಡ್ಡ ಏರ್ಪಾಡು ಇರಲಿಲ್ಲ. ಹೊಲದಲ್ಲಿ "ಮೇನ್ ಇಳಸಿ ಫ್ಯೂಜ್ ಮುಟ್ಟು" ಎಂದು ಮಗನಿಗೆ ಹೇಳುವ ಅಪ್ಪನ ಮನೆಯಲ್ಲೇ ಇಳಿಸಲು ಮೇನ್ ಇಲ್ಲದಿರಬಹುದು.

ಒಂದು ಬಲ್ಬಿನ ಮನೆ

ಬಡವರ ಮನೆಗೆ ಕರೆಂಟು ತಂದದ್ದು ಭಾಗ್ಯಜ್ಯೋತಿ, 1988-89ರಿಂದ ಕುಟೀರ ಜ್ಯೋತಿ, 2005ರಿಂದ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ, 2017ರಿಂದ ಸೌಭಾಗ್ಯ. ಇವನ್ನು ಹಗುರವಾಗಿ ಕಾಣುವವರು ನಾವಲ್ಲ. ಸೀಮೆಎಣ್ಣೆಗೆ ಪಾಳಿ ನಿಂತ ಮನೆಗೆ ಒಂದು ಬಲ್ಬು ಎಂದರೆ ಏನು ಎಂದು ನಮ್ಮ ತಾಯಂದಿರಿಗೆ ಗೊತ್ತು. ಆದರೆ ಆ ಯೋಜನೆಗಳ ಅಳತೆಯೇ ಒಂದು ಬಲ್ಬು. ಸೌಭಾಗ್ಯದಲ್ಲೂ ಕೊಟ್ಟ ವಯರಿಂಗ್ ಒಂದು ಎಲ್‌ಇಡಿ ಪಾಯಿಂಟು ಮತ್ತು ಮೊಬೈಲ್ ಚಾರ್ಜಿಂಗ್ ಪಾಯಿಂಟಿಗೆ.

40 ವ್ಯಾಟಿನ ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು 0.17 ಆಂಪಿಯರ್. ಅಷ್ಟಕ್ಕೆ ಒಂದು ಫ್ಯೂಜು, ಒಂದು ಬಟನ್ನು ಸಾಕು ಎನ್ನಿಸುವುದು ಸಹಜ. ಮನೆ ಬಲ್ಬಿನಲ್ಲೇ ನಿಲ್ಲಲಿಲ್ಲ. ಅದೇ ಹೋಲ್ಡರಿನಿಂದ ಟಿವಿಗೆ ವಯರ್ ಇಳಿಯಿತು, ಮಿಕ್ಸಿ ಬಂತು, ಫ್ರಿಜ್ ಬಂತು, ಚಳಿಗಾಲಕ್ಕೆ ನೀರು ಕಾಸುವ ರಾಡು ಬಂತು. 1500 ವ್ಯಾಟಿನ ರಾಡು ಎಳೆಯುವುದು ಆರೂವರೆ ಆಂಪಿಯರ್, ಆ ಬಲ್ಬಿನ ಸುಮಾರು 38 ಪಟ್ಟು. ಫ್ಯೂಜು ಪದೇ ಪದೇ ಹೋಗತೊಡಗಿದಾಗ ವಯರಿನಿಂದ ನಾಲ್ಕೆಳೆ ತಾಮ್ರ ಕಿತ್ತು ಸುತ್ತುವುದು ಮನೆಮದ್ದಾಯಿತು. ಆಮೇಲೆ ಫ್ಯೂಜು ಹೋಗುವುದಿಲ್ಲ, ಅದರ ಬದಲು ಗೋಡೆಯೊಳಗಿನ ವಯರ್ ಕಾಯುತ್ತದೆ.

ಕೂಲರ್ ಎಂಬ ನಮ್ಮ ಊರಿನ ಪರೀಕ್ಷೆ

ಕಲಬುರಗಿಯ ಬೇಸಿಗೆ ಬೇರೆಯವರಿಗೆ ವಿವರಿಸುವುದು ಕಷ್ಟ. 42-43 ಡಿಗ್ರಿ ಬಂದಾಗ ತಗಡಿನ ಕೂಲರ್ ಇಲ್ಲದೆ ನಿದ್ದೆ ಇಲ್ಲ. ಕೂಲರ್ ಎಂದರೆ ಕಬ್ಬಿಣದ ಡಬ್ಬಿ, ಅದರೊಳಗೆ ನೀರು, ನೀರಿನೊಳಗೆ ಪಂಪು, ಮೇಲೆ ಫ್ಯಾನು. ಪಂಪಿನ ವಯರ್ ಸವೆದರೆ ಇಡೀ ಡಬ್ಬಿ ಫೇಸ್ ಆಗುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೀರು ತುಂಬುವುದು ಹೆಚ್ಚಾಗಿ ಹೆಂಗಸರು, ಮಕ್ಕಳು.

ಇಲ್ಲಿ ಫ್ಯೂಜು ಮನುಷ್ಯನನ್ನು ಉಳಿಸುವುದಿಲ್ಲ. 5 ಆಂಪಿಯರ್ ಫ್ಯೂಜು ಕರಗಲು 5,000 ಮಿಲಿಆಂಪಿಯರ್‌ಗೂ ಹೆಚ್ಚು ಹರಿಯಬೇಕು. ಮನುಷ್ಯನ ಹೃದಯದ ಲಯ ತಪ್ಪಿಸಲು ಕೆಲವು ಹತ್ತು ಮಿಲಿಆಂಪಿಯರ್ ಸಾಕು. 1924ರಲ್ಲಿ ಜರ್ಮನಿಯ ಮನ್‌ಹೈಮ್‌ನಲ್ಲಿ ಹ್ಯೂಗೋ ಸ್ಟಾಟ್ಸ್ ಅವರ ಕಂಪನಿ ಪೇಟೆಂಟ್ ಪಡೆದ ಎಂಸಿಬಿ ಕೂಡ ಕಾಯುವುದು ವಯರನ್ನೇ. ಮನುಷ್ಯನನ್ನು ಕಾಯಲು ಬಂದದ್ದು ಆರ್‌ಸಿಸಿಬಿ. ಹೋದ ಕರೆಂಟು ಮತ್ತು ಮರಳಿ ಬಂದ ಕರೆಂಟಿನ ನಡುವೆ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ.

ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಉಳಿಯುವುದು ಒಂದೇ ದಾರಿ, ಯಾರಾದರೂ ಓಡಿ ಹೋಗಿ ಮೇನ್ ಇಳಿಸಬೇಕು. ಮೇನ್ ಇಲ್ಲದಿದ್ದರೆ? ಹಿಡಿದುಕೊಂಡವರನ್ನು ಬಿಡಿಸಲು ಇನ್ನೊಬ್ಬರು ಕೈ ಹಾಕುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಎಂಬ ಸುದ್ದಿ ಬರುವುದು ಹೀಗೆ.

ಈಗ ಕೂಡಿಸುವುದಾದರೆ

ಹೊಸ ಮೇನ್ ಸ್ವಿಚ್ ಕೂಡಿಸುವುದು ಒಂದು ಗಂಟೆಯ ಕೆಲಸ, ಆದರೆ ಮನೆಯವರು ತಾವೇ ಮಾಡುವ ಕೆಲಸವಲ್ಲ. ಮೀಟರಿನಿಂದ ಬರುವ ತಂತಿ ಜೀವಂತ ಇರುತ್ತದೆ, ಅದನ್ನು ಕಂಪನಿಯವರು ಕಡಿಯಬೇಕು. 1912ಕ್ಕೆ ಫೋನು ಮಾಡಿ ಅಥವಾ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಲೈನ್ ಬಿಡಿಸಿಕೊಳ್ಳಬೇಕು. ಒಳಗಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರದು.

ಸಾಲು ಹೀಗೆ: ಮೀಟರು, ಡಬಲ್ ಪೋಲ್ ಐಸೋಲೇಟರ್, ಆರ್‌ಸಿಸಿಬಿ, ಆಮೇಲೆ ಲೈಟಿಗೆ, ಪ್ಲಗ್ಗಿಗೆ, ಮೋಟರಿಗೆ ಬೇರೆ ಬೇರೆ ಎಂಸಿಬಿ. ಸಾಮಾನ್ಯ ಸಿಂಗಲ್ ಫೇಸ್ ಮನೆಗೆ 40 ಆಂಪಿಯರ್ ಐಸೋಲೇಟರ್ ಹಾಕುವುದು ರೂಢಿ, ದೊಡ್ಡ ಲೋಡಿಗೆ 63. ಅರ್ಥಿಂಗ್ ಮರೆಯುವಂತಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಕೈಕೊಡುತ್ತದೆ. ಗುಂಡಿಗೆ ಉಪ್ಪು-ಇದ್ದಿಲು ತುಂಬಿ ಆಗಾಗ ನೀರು ಹಾಕಬೇಕು ಎಂದು ಹಿರಿಯ ವಯರ್‌ಮ್ಯಾನ್‌ಗಳು ಹೇಳುವುದು ಸುಮ್ಮನೆ ಅಲ್ಲ.

ಜಾಗದ ಬಗ್ಗೆ ಹೆಚ್ಚು ಯೋಚಿಸಬೇಕು. ಅಲಮಾರಿ ಹಿಂದೆ, ಜೋಳದ ಚೀಲದ ಹಿಂದೆ, ಬಚ್ಚಲ ಪಕ್ಕ, ಒಲೆಯ ಮೇಲೆ ಕೂಡದು. ಎತ್ತರ ಮನೆಯ ಗಿಡ್ಡ ಹೆಂಗಸಿಗೂ ಕೈಗೆಟುಕುವಂತಿರಬೇಕು. ಕಲಬುರಗಿಯ ಬಾಡಿಗೆ ಮನೆಗಳಲ್ಲಿ, ವಿದ್ಯಾರ್ಥಿಗಳ ಕೋಣೆಗಳಲ್ಲಿ ಮೇನ್ ಇರುವುದು ಮಾಲೀಕರ ಮೆಟ್ಟಿಲ ಕೆಳಗೆ, ಬೀಗದೊಳಗೆ. ನಿಯಮ ಕೇಳಿದ್ದು ಸುಲಭವಾಗಿ ಕೈಗೆ ಸಿಗುವ ಸ್ವಿಚ್ಚನ್ನು. ಬೀಗದೊಳಗಿನ ಮೇನ್ ಬಾಡಿಗೆದಾರನ ಪಾಲಿಗೆ ಇಲ್ಲದ ಮೇನ್.

ಬಂದ್ ಮಾಡಿದ ಮೇಲೂ ಎರಡು ಮಾತು ನೆನಪಿರಲಿ. ಮೇನ್ ಸ್ವಿಚ್ಚಿಗೆ ಮೀಟರಿನಿಂದ ಬರುವ ಕಡೆಯ ತಿರುಪುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಮತ್ತು ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸಿದರೆ ಸಪ್ಲೈ ಹೋಯಿತು ಎಂದು ತಿಳಿದು ಇನ್ವರ್ಟರ್ ಶುರುವಾಗುತ್ತದೆ. ಅದರ ಲೈನಿನ ಫ್ಯಾನು, ಲೈಟುಗಳ ವಯರ್ ಜೀವಂತವಾಗಿಯೇ ಇರುತ್ತವೆ. ಇನ್ವರ್ಟರನ್ನೂ ಬಂದ್ ಮಾಡಿ, ಟೆಸ್ಟರ್ ಹಚ್ಚಿ ನೋಡಿದ ಮೇಲೆಯೇ ಕೈ ಹಾಕಬೇಕು. 2024ರಿಂದ ಪಿಎಂ ಸೂರ್ಯಘರ್ ಯೋಜನೆಯ ಸೋಲಾರ್ ಫಲಕಗಳು ಮನೆಗಳ ಮೇಲೆ ಏರುತ್ತಿವೆ. ಬಿಸಿಲಿರುವವರೆಗೆ ಫಲಕದಿಂದ ಇಳಿಯುವ ತಂತಿಯಲ್ಲಿ ವಿದ್ಯುತ್ ಇರುತ್ತದೆ, ಅದಕ್ಕೆ ಬೇರೆಯದೇ ಐಸೋಲೇಟರ್ ಬೇಕು. ಒಂದು ಮನೆಗೆ ಒಂದೇ ಮೇನ್ ಎಂಬ ಕಾಲ ಮುಗಿಯುತ್ತಿದೆ.

ನಾಲ್ಕು ಸಾಲಿನ ಸುದ್ದಿ

1956ರ ನಿಯಮಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಾವಳಿ ಬಂತು, ಅದರ ಜಾಗಕ್ಕೆ 2023ರಲ್ಲಿ ಹೊಸದು ಬಂತು. ಗೃಹಜ್ಯೋತಿ ಬಂದದ್ದೂ ಅದೇ ವರ್ಷ. ಒಂದು ಕಡೆ ನಿಯಮ ಬಿಗಿಯಾಗುತ್ತಿದೆ, ಇನ್ನೊಂದು ಕಡೆ ಬಿಲ್ಲಿನ ಭಯ ಕಡಿಮೆಯಾಗಿ ಮನೆಯ ಲೋಡು ಏರುತ್ತಿದೆ. ಒಂದು ಬಲ್ಬಿಗೆಂದು ಎಳೆದ ವಯರಿಂಗ್ ಮಾತ್ರ ಅನೇಕ ಮನೆಗಳಲ್ಲಿ ಹಾಗೆಯೇ ಇದೆ. ಯೂನಿಟ್ಟು ಕೊಡುವ ಸರ್ಕಾರ ಅದರ ಜೊತೆಗೆ ಬಡ ಮನೆಗೊಂದು ಡಬಲ್ ಪೋಲ್ ಸ್ವಿಚ್ಚು, ಒಂದು ಆರ್‌ಸಿಸಿಬಿ, ಒಂದು ಅರ್ಥಿಂಗ್ ಕೊಡಬೇಕು ಎಂದು ಕೇಳುವುದು ಅತಿಯಾಸೆ ಏನಲ್ಲ. ಹೊಲದ ಮೋಟರಿಗೆ ಆ ಕಾಳಜಿ ತೋರಿಸಿದ್ದೇವೆ.

ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯುತ್ತಾರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಹೇಳುತ್ತದೆ. ಜಿಲ್ಲಾ ಪುಟದಲ್ಲಿ ಅದು 'ವಿದ್ಯುತ್ ತಗುಲಿ ಸಾವು' ಎಂಬ ತಲೆಬರಹದ ನಾಲ್ಕು ಸಾಲು: ಹೆಸರು, ವಯಸ್ಸು, ಊರು, ಯಾವ ಠಾಣೆಯಲ್ಲಿ ಪ್ರಕರಣ. ನಮ್ಮಂತೆ ತಾಲೂಕು ಮಟ್ಟದಲ್ಲಿ ವರದಿ ಮಾಡುವ ಗೆಳೆಯರಿಗೆ ಒಂದು ಸಲಹೆ. ಅಂಥ ಮನೆಗೆ ಹೋದಾಗ ಮೀಟರಿನ ಪಕ್ಕದ ಗೋಡೆ ನೋಡಿ, ಐದನೆಯ ಸಾಲು ಬರೆಯೋಣ. ಮನೆಯಲ್ಲಿ ಮೇನ್ ಸ್ವಿಚ್ ಇತ್ತೇ, ಇದ್ದರೆ ಯಾರ ಕೈಗೆ ಸಿಗುವಂತಿತ್ತು ಎಂದು. ಒಂದು ವರ್ಷ ಹಾಗೆ ಬರೆದರೆ ಯಾವ ಊರಿನಲ್ಲಿ, ಯಾವ ಓಣಿಯಲ್ಲಿ, ಯಾವ ಬಗೆಯ ಮನೆಗಳಲ್ಲಿ ಅದು ಇಲ್ಲ ಎಂಬ ಪಟ್ಟಿ ನಮ್ಮ ಬಳಿಯೇ ಇರುತ್ತದೆ. ಅದನ್ನು ಹಿಡಿದು ಸೆಕ್ಷನ್ ಆಫೀಸಿಗೂ ಪಂಚಾಯಿತಿಗೂ ಹೋಗಬಹುದು.